ಪಕ್ಕಾ ಲೋಕಲ್

“ಕಾಕಾ, ಪೇಲ್ ಏಲ್ ತಗೋರಿ.”

“ಫೇಲ್ ಆದವ್ರಿಗೇನೋ? ಏನ್ ಕಹಿಯೋ ತಮ್ಮಾ!”

“ಹಾಪ್ಸ್ ಹೂವ್ರಿ, ಅಮೆರಿಕಾದ್ದು. ಮಾಲ್ಟ್ ಜರ್ಮನಿದು. ಬಿಯರ್ ಮಾತ್ರ ಪಕ್ಕಾ ಹುಬ್ಬಳ್ಳಿದು.”

“ಹುಬ್ಬಳ್ಳಿದು ಏನೈತಿ ಇದ್ರಾಗ?”

“ನೀರು. ಮಲಪ್ರಭಾದು.”

“ಹಂಗಾರ ವಾರಕ್ಕೊಮ್ಮೆ ಸಿಗತೈತಿ.”

ಕಹಿಯ ಬಗ್ಗೆ ಕಾಕಾನ ತಕರಾರಿಗೆ ಇತಿಹಾಸದ ಬೆಂಬಲವಿದೆ. ಹಾಪ್ಸ್ ಬಿಯರನ್ನು ಕೆಡದಂತೆ ಕಾಯುತ್ತದೆ. 19ನೇ ಶತಮಾನದಲ್ಲಿ ಇಂಗ್ಲೆಂಡಿನಿಂದ ತಿಂಗಳುಗಟ್ಟಲೆ ಹಡಗಿನಲ್ಲಿ ಬರುತ್ತಿದ್ದ ಪೇಲ್ ಏಲ್‌ಗೆ ಅದನ್ನು ಧಾರಾಳವಾಗಿ ಹಾಕಿದ್ದು ಅದಕ್ಕೇ. ಪಕ್ಕದ ಕೋಣೆಯ ಟ್ಯಾಂಕಿನಿಂದ ಗ್ಲಾಸಿಗೆ ಬರುವ ಬಿಯರು ಯಾವ ಸಮುದ್ರ ದಾಟಬೇಕು? ಕಹಿಯೇ ರುಚಿ ಎನ್ನುವವರಿದ್ದಾರೆ. ಇರಲಿ, ಹಾಗಲಕಾಯಿ ಪಲ್ಯಕ್ಕೂ ಅಭಿಮಾನಿಗಳುಂಟು. ಆದರೆ ಅದಕ್ಕೆ ಮನೆಯಲ್ಲಿ ಯಾರೂ ಸರ್ವಿಸ್ ಚಾರ್ಜ್ ಹಾಕುವುದಿಲ್ಲ.

“2007ರಾಗ ಸಾರಾಯಿ ಬಂದ್ ಮಾಡಿದ್ರಲ್ಲೋ?”

“ಅದು ಬಡವರ ಕುಡಿತ ಕಾಕಾ. ಇದು ಕ್ರಾಫ್ಟು.”

“ಹೌದಪಾ, ಬಿಲ್ ನೋಡಿದ್ರ ಗೊತ್ತಾಕ್ಕೈತಿ.”