ಯಾವ ಲಿನಕ್ಸ್ ಸ್ವಾಮಿ?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಎಳ್ಳುನೀರು ಬಿಟ್ಟರಲ್ಲ, ಅಂದಿನಿಂದ ಚಿಕ್ಕನಾಯಕನಹಳ್ಳಿಯಲ್ಲೂ ಅದೇ ಗೋಳು. ಚೆನ್ನಾಗಿ ಓಡುತ್ತಿರುವ ಕಂಪ್ಯೂಟರನ್ನು ಗುಜರಿಗೆ ಹಾಕಬೇಕೇ? ‘ಲಿನಕ್ಸ್ ಹಾಕ್ಸಿ’ ಎನ್ನುವವರಿಗೇನೂ ಬರವಿಲ್ಲ. ಯಾವುದು ಎಂದರೆ ಮಾತ್ರ ಒಬ್ಬರು ಉಬುಂಟು, ಇನ್ನೊಬ್ಬರು ಮಿಂಟ್, ಮತ್ತೊಬ್ಬರು ಡೆಬಿಯನ್. ಕೊನೆಗೆ ಪ್ರೌಢಶಾಲೆಯೊಂದರ ಬೀರುವಿನಲ್ಲಿ ಮಲಗಿದ್ದ ‘ಉಬುಂಟು ಕಲ್ಪವೃಕ್ಷ’ದ ಡಿವಿಡಿಯನ್ನೇ ಮಾತಿಗೆಳೆದೆ. ವಿಷಯ ಶಿಕ್ಷಕರ ವೇದಿಕೆಯ ತರಬೇತಿಗೆ ಹೋಗಿ ಬಂದ ಮೇಷ್ಟರುಗಳಿಗೆ ಇದರ ಪರಿಚಯವಿದ್ದೀತು.

ಕ್ಷೇಮವೇ?

ಏನು ಕ್ಷೇಮ ಸ್ವಾಮಿ! ಬೆಂಗಳೂರಲ್ಲಿ ನಂಗೆ ತೆಂಗಿನಮರದ ಹೆಸರಿಟ್ರು. ತೆಂಗಿನ ಸೀಮೆಗೇ ಬಂದ್ರೆ ಬಂದೋರೆಲ್ಲ ಕೇಳೋದು ಒಂದೇ: ‘ನೀನು ಒರಿಜಿನಲ್ಲಾ?’

ಅಲ್ಲವೇ ಮತ್ತೆ?

ಲಿನಕ್ಸ್ ಅಂತ 1991ರಲ್ಲಿ ಟೋರ್ವಾಲ್ಡ್ಸ್ ಶುರು ಮಾಡಿದ್ದು ಬರೀ ಕರ್ನೆಲ್, ಅಂದ್ರೆ ತಿರುಳು. ಮಿಕ್ಕಿದ್ದನ್ನ ಜೋಡಿಸಿಕೊಂಡು 1993ರಲ್ಲಿ ಡೆಬಿಯನ್ ಬಂತು, ಅದರಿಂದ 2004ರಲ್ಲಿ ಉಬುಂಟು, ಅದರಿಂದ ನಾನು. ‘ಇದೇ ಮಾದರಿ’ ಅಂತ ಟೋರ್ವಾಲ್ಡ್ಸ್ ಪುಣ್ಯಾತ್ಮ ಯಾರ ಕಡೆಗೂ ಬೆರಳು ತೋರಿಸಲಿಲ್ಲ. ಫ್ರೀಬಿಎಸ್‌ಡಿ ಅಂತ ಇನ್ನೊಂದು ವ್ಯವಸ್ಥೆ ಇದೆ, ಅವರದು ಹಂಗಲ್ಲ, ಕರ್ನೆಲ್ಲೂ ಮಿಕ್ಕಿದ್ದೂ ಒಂದೇ ಮನೇದು. ನಮ್ಮೋರೂ ಲಿನಕ್ಸ್ ಸ್ಟ್ಯಾಂಡರ್ಡ್ ಬೇಸ್ ಅಂತ ಒಂದು ಮಟ್ಟ ಬರೆದ್ರು. 2015ರಲ್ಲಿ ಡೆಬಿಯನ್ನೇ ಅದನ್ನ ಕೈಬಿಡ್ತು.

ಮಟ್ಟ ಎಂದಿರಿ, ನೆನಪಾಯಿತು. ಕೊಬ್ಬರಿ ಕೊಳ್ಳುವ ನಾಫೆಡ್‌ನವರೂ ‘ಎಫ್‌ಎಕ್ಯೂ’, ಅಂದರೆ ಸಾಧಾರಣ ಒಳ್ಳೆಯ ಗುಣಮಟ್ಟ ಎನ್ನುತ್ತಾರೆ. 2025ರ ಬೆಂಬಲ ಬೆಲೆ ನೋಡಿ: ಎಣ್ಣೆ ಕೊಬ್ಬರಿ ಕ್ವಿಂಟಲಿಗೆ 11,582, ನಮ್ಮ ಉಂಡೆ ಕೊಬ್ಬರಿಗೆ 12,100. ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿಸಿ, ಸುಲಿದು, ಚಿಪ್ಪು ಒಡೆದು, ಇಡಿಯಾಗಿ ಉಂಡೆ ತೆಗೆಯುವವನಿಗೆ ಹೆಚ್ಚಿಗೆ ಸಿಕ್ಕಿದ್ದು 518 ರೂಪಾಯಿ! ಇದು ನ್ಯಾಯವೇ?

ನಾನು ಡಿವಿಡಿ ಸ್ವಾಮಿ.

ಸರಿ. ಉಬುಂಟುವಿನ ದೀರ್ಘಾವಧಿ ಆವೃತ್ತಿಗೂ (ಎಲ್‌ಟಿಎಸ್) ಮಾಮೂಲು ಬೆಂಬಲ ಐದು ವರ್ಷ. ನಿಮ್ಮದು ಮುಗಿದು ಎಷ್ಟು ಕಾಲವಾಯಿತು?

ಅದನ್ನ ಬಿಡಿ, ಕೇರಳದ ಕಥೆ ಕೇಳಿ. ಅದೂ ತೆಂಗಿನ ಸೀಮೇನೆ. ಐಟಿ ಅಟ್ ಸ್ಕೂಲ್ ಅಂತಿದ್ದ ಸರ್ಕಾರಿ ಯೋಜನೆ 2017ರಲ್ಲಿ ಕೈಟ್ ಆಯ್ತು. ಅವರು ಶಾಲೆಗಳಿಗೆ ಅಂತಲೇ ಒಂದು ಲಿನಕ್ಸ್ ಕಟ್ಟಿ ಹಂಚಿದ್ರು. ಹತ್ತನೇ ತರಗತಿ ಐಟಿ ಪರೀಕ್ಷೇನೂ ಅದರಲ್ಲೇ. ಕೆಟ್ರೆ ಯಾರನ್ನ ಕೇಳಬೇಕು ಅಂತ ಮೇಷ್ಟ್ರಿಗೆ ಗೊತ್ತು. ಅದರಿಂದ ಮಿಕ್ಕ ಲಿನಕ್ಸ್‌ಗಳೇನು ಸತ್ತುಹೋದವಾ?

ನಮಗೂ ಕೇಂದ್ರ ಸರ್ಕಾರದ ಸಿಡ್ಯಾಕ್‌ನವರ ‘ಬಾಸ್’ ಲಿನಕ್ಸ್ ಇದೆಯಲ್ಲ?

ಹೆಸರಿಗೆ ಬಾಸು. ಮಾತು ಕೇಳೋರು ಬೇಡ್ವಾ?

ಹಾಗಾದರೆ ನಿಮ್ಮ ಶಾಲೆಯ ಕಂಪ್ಯೂಟರ್ ಲ್ಯಾಬಿಗೆ ಬೀಗ ಬಿದ್ದದ್ದು…

ನನ್ನಿಂದಲ್ಲ! ನಗಬೇಡಿ ಸ್ವಾಮಿ. ಗುತ್ತಿಗೆ ಮುಗೀತು, ರಿಪೇರಿ ಹುಡುಗ ಹೋದ, ಯುಪಿಎಸ್ ಬ್ಯಾಟರಿ ಊದಿಕೊಳ್ತು. ಹೊಸದಾಗಿ ಬಂದ ಮೇಷ್ಟ್ರು ‘ಅಧಿಕೃತ ಯಾವುದು ಗೊತ್ತಾಗ್ದೆ ನಾನು ಮುಟ್ಟಲ್ಲ, ಆಡಿಟ್‌ನೋರು ನನ್ನೇ ಕೇಳ್ತಾರೆ’ ಅಂದ್ರು. ಅವರನ್ನ ಹೆಂಗೆ ಬಯ್ಯೋದು? ಮೇಲಿನೋರು ಯಾರೂ ಹೊಣೆ ಹೊರದಿದ್ರೆ ಹೆದರೋನು ಕೆಳಗಿನೋನೇ. ಹಂದನಕೆರೆ, ಕಂದಿಕೆರೆ ಕಡೆಯಿಂದ ಬಸ್ಸಲ್ಲಿ ನಿಂತ್ಕೊಂಡು ಬರೋ ಹೆಣ್ಮಕ್ಕಳು ಕೀಬೋರ್ಡ್ ಮುಟ್ಟದೆ ಎಸ್ಸೆಸ್ಸೆಲ್ಸಿ ಮುಗಿಸಿ ಹೋದ್ರು. ಒಂದು ತಂಡ ಅಲ್ಲ, ಒಂದಾದ ಮೇಲೆ ಒಂದು ತಂಡ. ಲೋಕದ ಜನ ಸೇರಿ ಬರೆದು ಪುಕ್ಕಟೆ ಕೊಟ್ಟದ್ದು ಇಲ್ಲಿ ಕೊಳೀತಾ ಇತ್ತು. ಬೇಕಾಗಿದ್ದಿದ್ದು ಒಂದು ಸುತ್ತೋಲೆ: ‘ಇದನ್ನೇ ಹಾಕಿ, ಕೆಟ್ರೆ ಇಂಥವರಿಗೆ ಫೋನ್ ಮಾಡಿ.’ ಎರಡು ಸಾಲು. ಅದನ್ನ ಬರೆಯೋಕೆ ಯಾರಿಗೂ ಪುರುಸೊತ್ತಿರಲಿಲ್ಲ.

(ನನಗೂ ಸ್ವಲ್ಪ ಹೊತ್ತು ಮಾತು ಹೊರಡಲಿಲ್ಲ.)

ಈಗ ಸುತ್ತೋಲೆ ಬಂದರೆ?

ಬಂದ್ರೂ ನನ್ನನ್ನ ಎಲ್ಲಿ ತೂರಿಸ್ತೀರಿ? ಈಗಿನ ಲ್ಯಾಪ್‌ಟಾಪಿಗೆ ಡಿವಿಡಿ ಬಾಯೇ ಇಲ್ಲ. ಪೆನ್‌ಡ್ರೈವ್ ತನ್ನಿ, ಈ ವರ್ಷದ್ದನ್ನ ಹಾಕ್ಸಿ, ಮೇಲೊಂದು ಚೀಟಿ ಅಂಟಿಸಿ ಜವಾಬ್ದಾರರ ಹೆಸರು ಬರೀರಿ.

ಬರೆಸೋಣ. ಆದರೆ ಆ 518 ರೂಪಾಯಿ…