ಗಾಳಕ್ಕೆ ವೇಷ ಕಟ್ಟುವವರು

ಡೆನ್ವರ್ ಸುತ್ತಮುತ್ತ ನೆಲೆಸಿರುವ ನಮ್ಮ ಕನ್ನಡದ ಗಂಡಸರಿಗೆ ನಲವತ್ತು ದಾಟಿತೆಂದರೆ ಏನಾದರೊಂದು ಅಂಟಿಕೊಳ್ಳುತ್ತದೆ. ಕೆಲವರಿಗೆ ಬಿಪಿ, ಕೆಲವರಿಗೆ ಸೈಕಲ್ಲು. ಸೈಕಲ್ಲು ಅಂಟಿಕೊಂಡವರು ಬರೀ ಚಡ್ಡಿಗೆ 200 ಡಾಲರ್ ಸುರಿದು ಬರುತ್ತಾರೆ. ಕಾಫಿ ಅಂಟಿಕೊಂಡವರು ಪುಡಿ ತೂಗುವುದಕ್ಕೆ ಅಕ್ಕಸಾಲಿಗರ ತಕ್ಕಡಿ ತರಿಸುತ್ತಾರೆ. ನನ್ನ ಷಡ್ಡಕನಿಗೆ ಅಂಟಿದ್ದು ಫ್ಲೈ ಕಟ್ಟುವ ಹುಚ್ಚು. ನಾನು ಬಹಳ ವರ್ಷಗಳಿಂದ ಕಟ್ಟುವವನಾದ್ದರಿಂದ ಈ ರೋಗ ನನ್ನಿಂದಲೇ ಹರಡಿತೆಂದು ಎರಡೂ ಮನೆಗಳ ಹೆಂಗಸರು ಏಕಪಕ್ಷೀಯವಾಗಿ ತೀರ್ಪು ಕೊಟ್ಟಿದ್ದಾರೆ. ಮೇಲ್ಮನವಿಗೆ ಅವಕಾಶವಿಲ್ಲ.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಇಲ್ಲಿನ ಹೊಳೆಗಳ ಟ್ರೌಟ್ ಮೀನಿಗೆ ನೀರಿನ ಹುಳುಗಳೆಂದರೆ ಪ್ರಾಣ. ಆ ಹುಳುವನ್ನೇ ಗಾಳಕ್ಕೆ ಚುಚ್ಚಿ ಬೀಸೋಣವೆಂದರೆ ಅದು ಒಂದೆಸೆತಕ್ಕೂ ತಡೆಯುವುದಿಲ್ಲ. ಹಾಗಾಗಿ ಗಾಳಕ್ಕೇ ಗರಿ, ನೂಲು, ತುಪ್ಪಳ ಸುತ್ತಿ ಹುಳುವಿನ ವೇಷ ಕಟ್ಟುತ್ತಾರೆ; ಅದೇ ಫ್ಲೈ. ಮೀನು ನಂಬಿ ಕಚ್ಚುತ್ತದೆ. ಕಚ್ಚಿದ್ದನ್ನು ಎಳೆದು, ಕಣ್ತುಂಬ ನೋಡಿ, ಮತ್ತೆ ನೀರಿಗೇ ಬಿಡುತ್ತೇವೆ. ಆರು ತಿಂಗಳಿಗೆಂದು ಊರಿಂದ ಬಂದಿರುವ ನಮ್ಮತ್ತೆಯವರು ಇದನ್ನೆಲ್ಲ ಕೇಳಿಸಿಕೊಂಡು, "ತಿನ್ನೋದಿಲ್ಲ ಅಂದ್ಮೇಲೆ ಅದಕ್ಕೆ ಯಾಕ್ರೀ ಸುಮ್ನೆ ತೊಂದ್ರೆ?" ಎಂದರು. ಇಂಗ್ಲೆಂಡಿನಲ್ಲಿ ಹನ್ನೆರಡು ಬಗೆಯ ಫ್ಲೈಗಳನ್ನು ವಿವರಿಸುವ ಪುಸ್ತಕ ಅಚ್ಚಾದದ್ದು 1496ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಎಷ್ಟೋ ಮಹನೀಯರು ಈ ವಿಷಯದಲ್ಲಿ ಬರೆದಿದ್ದಾರೆ. ಅತ್ತೆಯವರ ಪ್ರಶ್ನೆಗೆ ನೇರ ಉತ್ತರ ಕೊಟ್ಟವರನ್ನು ನಾನು ಓದಿಲ್ಲ.

ಷಡ್ಡಕ ಲೆಕ್ಕದ ಮನುಷ್ಯ. ಸ್ಪ್ರೆಡ್‌ಶೀಟ್ ಇಲ್ಲದೆ ಬದನೆಕಾಯಿಯನ್ನೂ ಕೊಳ್ಳುವವನಲ್ಲ. "ಭಾವ, ಅಂಗಡೀಲಿ ಒಂದು ಫ್ಲೈಗೆ 3 ಡಾಲರ್. ಮರಕ್ಕೊಂದು, ಕಲ್ಲಿಗೊಂದು ಅಂತ ಒಂದು ಭಾನುವಾರಕ್ಕೆ ಐದಾರು ಹೋಗ್ತವೆ. ನಾವೇ ಕಟ್ಕೊಂಡ್ರೆ ಚಿಲ್ಲರೆ ಕಾಸು. ವರ್ಷಕ್ಕೆ ಎಷ್ಟು ಉಳಿತಾಯ ನೋಡಿ!" ಎಂದು ಪರದೆ ತೋರಿಸಿದ. ಗರಿ ಇತ್ತು, ನೂಲಿತ್ತು, ಗಾಳ ಇತ್ತು. ಕಟ್ಟುವ ಸಾಮಾನಿನ ಕಾಲಂ ಮಾತ್ರ ಕಾಣಲಿಲ್ಲ. ಫ್ಲೈ ಕಟ್ಟಿ ದುಡ್ಡು ಉಳಿಸುತ್ತೇನೆ ಎನ್ನುವವರ ಲೆಕ್ಕದಲ್ಲಿ ಆ ಕಾಲಂ ಇರುವುದೇ ಇಲ್ಲ. ಇದ್ದರೆ ಈ ಕಸುಬಿಗೆ ಯಾರೂ ಇಳಿಯುವುದಿಲ್ಲವಲ್ಲ!

ಆತ ಮೊದಲು ಕಣ್ಣು ಹಾಕಿದ್ದು ಕಿಟ್ ಮೇಲೆ. ಹೊಸಬರೆಲ್ಲರ ಕಣ್ಣೂ ಅಲ್ಲೇ. ಒಂದು ಡಬ್ಬಿ, ಒಳಗೆ ಸಕಲ ಸಾಮಗ್ರಿ, ಮುಚ್ಚಳದ ಮೇಲೆ ನಗುವ ಅಜ್ಜನ ಚಿತ್ರ. ಬಿಚ್ಚಿ ನೋಡಿದರೆ, ಕಟ್ಟುವಾಗ ಗಾಳವನ್ನು ಕಚ್ಚಿ ಹಿಡಿಯುವ ವೈಸ್‌ನ ಬುಡದಲ್ಲಿ ಎಷ್ಟೋ ಸಲ 'ಮೇಡ್ ಇನ್ ಇಂಡಿಯಾ' ಅಂತ ಇರುತ್ತದೆ. ಕತ್ತರಿ ನೋಡಿದರೆ ಪಾಕಿಸ್ತಾನದ್ದು; ಆಸ್ಪತ್ರೆಯ ಕತ್ತರಿ ಚಿಮುಟಗಳಿಗೆ ಹೆಸರಾದ ಸಿಯಾಲ್‌ಕೋಟ್ ಈ ಕಸುಬಿಗೂ ಕತ್ತರಿ ಒದಗಿಸುತ್ತದೆ. ಎರಡು ದೇಶಗಳೂ ಒಂದೇ ಡಬ್ಬಿಯಲ್ಲಿ ತಕರಾರಿಲ್ಲದೆ ಮಲಗಿರುತ್ತವೆ. ತಕರಾರು ಶುರುವಾಗುವುದು ಕಟ್ಟಲು ಕೂತಾಗ: ಅಗ್ಗದ ವೈಸ್ ಗಾಳ ಹಿಡಿಯುವುದಿಲ್ಲ, ಅಗ್ಗದ ಕತ್ತರಿ ಗರಿ ಕತ್ತರಿಸುವುದಿಲ್ಲ, ಅಗಿಯುತ್ತದೆ. ಇನ್ನು ಜೊತೆಗೆ ಕೊಟ್ಟ ಗರಿಗಳ ಪೊಟ್ಟಣ! ನೇರಳೆ, ಗುಲಾಬಿ, ಗಿಳಿಹಸುರು. ಆ ಬಣ್ಣದ ಹುಳು ಕೊಲರಾಡೊದ ಯಾವ ಹೊಳೆಯಲ್ಲೂ ಹುಟ್ಟಿಲ್ಲ. ಕಿಟ್ ಮಾರುವವರು ಬೀಸಿದ ಗಾಳಕ್ಕೆ ಕಚ್ಚುವುದು ಮೀನಲ್ಲ, ನನ್ನ ಷಡ್ಡಕನಂಥವರು.

"ಹಾಗಾದ್ರೆ ವೈಸ್ ಒಳ್ಳೇದೇ ತಗೋತೀನಿ" ಎಂದು ಆತ ಇನ್ನೊಂದು ತುದಿಗೆ ಹಾರಿದ. ಎರಡು ವಾರ ಮನೆಯಲ್ಲಿ ವೈಸ್ ಪಾರಾಯಣ. ರೆನ್‌ಜೆಟ್ಟಿಯೋ, ರೀಗಲ್ಲೋ, ನಾರ್‌ವೈಸೋ? ಇವುಗಳಲ್ಲಿ 500 ಡಾಲರ್ ದಾಟಿದವೂ ಇವೆ. ರೋಟರಿ ಅಂತೊಂದು ಜಾತಿ ಇದೆ. ಹಿಡಿ ತಿರುಗಿಸಿದರೆ ಗಾಳ ತನ್ನ ಕಡ್ಡಿಯ ಸುತ್ತಲೇ ಗಿರಗಿರನೆ ಸುತ್ತುತ್ತದೆ, ನೀವು ಗರಿ ಹಿಡಿದುಕೊಂಡಿದ್ದರೆ ಸಾಕು. ನೋಡಲು ಬಲು ಸೊಗಸು. ಆದರೆ ಅಕ್ಷರವೇ ಬಾರದವನಿಗೆ ಸೋರುವ ಪೆನ್ನು ಕೊಟ್ಟರೇನು, ಚಿನ್ನದ ನಿಬ್ಬು ಕೊಟ್ಟರೇನು? ಅಮೆರಿಕದ ಲೀ ವುಲ್ಫ್ ಎಂಬ ದೊಡ್ಡ ಮೀನುಗಾರ ವೈಸನ್ನೇ ಮುಟ್ಟುತ್ತಿರಲಿಲ್ಲ; ಕಣ್ಣಿಗೆ ಕಾಣದಷ್ಟು ಸಣ್ಣದಾದ 28ನೇ ನಂಬರಿನ ಗಾಳವನ್ನೂ ಬರೀ ಬೆರಳಲ್ಲೇ ಹಿಡಿದು ಕಟ್ಟುತ್ತಿದ್ದ. ಇದನ್ನು ಹೇಳಿದ್ದಕ್ಕೆ ಷಡ್ಡಕ, "ಅವರ ಕಾಲದಲ್ಲಿ ರೋಟರಿ ಇರ್ಲಿಲ್ಲವೇನೋ ಪಾಪ" ಎಂದು ಮರುಗಿದ.

ಇದೇ ಹೊತ್ತಿಗೆ ಗಾಳದ ನಂಬರ್ ಪಾಠವೂ ನಡೆಯಿತು. ನಂಬರ್ ಹೆಚ್ಚಿದಷ್ಟೂ ಗಾಳ ಸಣ್ಣ: 8ಕ್ಕಿಂತ 14 ಸಣ್ಣದು, 14ಕ್ಕಿಂತ 20. ಹಿಂದಕ್ಕೆ ಬಂದರೆ 2, 1 ಆದ ಮೇಲೆ ಪಕ್ಕಕ್ಕೊಂದು ಸೊನ್ನೆ ಅಂಟಿಕೊಂಡು, ಅಲ್ಲಿಂದ ನಂಬರ್ ಏರಿದಂತೆ ಗಾಳವೂ ದೊಡ್ಡದಾಗುತ್ತದೆ. ಇದನ್ನು ಕೇಳಿ ಆತ, ಇಂಥ ಕೋಡ್ ಬರೆದವನನ್ನು ನಮ್ಮ ಆಫೀಸಿನಲ್ಲಿ ಅದೇ ದಿನ ಮನೆಗೆ ಕಳಿಸುತ್ತಿದ್ದರು ಎಂದ.

ವೈಸ್ ಕೊಳ್ಳುವಾಗ ನೋಡಬೇಕಾದದ್ದು ಅದರ ದವಡೆ. ಮಿಕ್ಕದ್ದೆಲ್ಲ ಅಲಂಕಾರ. ಅಂಗಡಿಯಲ್ಲೇ ಒಂದು ಗಾಳದ ಬಾಗಿದ ಭಾಗವನ್ನು ದವಡೆಗೆ ಕಚ್ಚಿಸಿ, ಗಾಳದ ಕಣ್ಣಿನ ಮೇಲೆ ಹೆಬ್ಬೆರಳಿಟ್ಟು ಒತ್ತಿ. ಕಡ್ಡಿ ಬಾಗಿ ಟಣ್ಣೆಂದು ವಾಪಸು ನಿಂತರೆ ಸರಿ. ದವಡೆಯಲ್ಲಿ ಜಾರಿ ತಲೆ ತಗ್ಗಿಸಿದರೆ ನಮಸ್ಕಾರ ಹೇಳಿ ಬನ್ನಿ. ಮೇಜಿನಂಚಿಗೆ ತಿರುಪು ಹಾಕಿ ಬಿಗಿಯುವಂಥದ್ದು ಬೇಕೋ, ಭಾರದ ಪೀಠದ ಮೇಲೆ ನಿಲ್ಲುವಂಥದ್ದು ಬೇಕೋ ಎಂಬುದನ್ನು ನೀವು ನಿರ್ಧರಿಸಲು ಹೋಗಬೇಡಿ. ಊಟದ ಮೇಜು ಯಾರದೋ ಅವರು ನಿರ್ಧರಿಸುತ್ತಾರೆ. ನಮ್ಮಲ್ಲಿ ಪೀಠ.

ದುಡ್ಡು ಸುರಿಯಲೇಬೇಕೆಂಬ ಚಟವಿದ್ದರೆ ಕತ್ತರಿಗೆ ಸುರಿಯಿರಿ ಎನ್ನುತ್ತೇನೆ. ತುದಿ ಸೂಜಿಯಷ್ಟು ಚೂಪು, ಬೆರಳು ಸಲೀಸಾಗಿ ತೂರುವ ಉಂಗುರ. ಗರಿಗೊಂದು ಕತ್ತರಿ, ತಂತಿಗೆ ಬೇರೆ ಹಳೇ ಕತ್ತರಿ. ತಾಮ್ರದ ತಂತಿ ಒಂದೇ ಒಂದು ಸಲ ಕತ್ತರಿಸಿದರೂ ಒಳ್ಳೆಯ ಕತ್ತರಿ ಹಾಳು. ಮಕ್ಕಳು ಅದೇ ಕತ್ತರಿಯಲ್ಲಿ ಸ್ಕೂಲಿನ ಪ್ರಾಜೆಕ್ಟಿಗೆ ರಟ್ಟು ಕತ್ತರಿಸುತ್ತಾರೆ. ಬಚ್ಚಿಡುವ ಜಾಗವನ್ನೂ ಕೊಳ್ಳುವಾಗಲೇ ಯೋಚಿಸಿಕೊಂಡಿರಬೇಕು.

ಇನ್ನು ಬಾಬಿನ್. ನೋಡಲು ಏನೂ ಅಲ್ಲ: ಎರಡು ತಂತಿಯ ಕಾಲು, ನಡುವೆ ನೂಲಿನ ಉಂಡೆ, ಮೇಲೊಂದು ಸಣ್ಣ ಕೊಳವೆ. ಆದರೆ ಹೊಸಬರನ್ನು ಅಳಿಸುವುದು ಇದೇ. ಕೊಳವೆಯ ಬಾಯಲ್ಲಿ ಕೂದಲಷ್ಟು ಮುಳ್ಳು ಉಳಿದಿದ್ದರೆ ನೂಲು ಪುಸಕ್ಕನೆ ಕಡಿಯುತ್ತದೆ. ಅದೂ ಯಾವಾಗ? ಬಾಲ ಕಟ್ಟಿ, ಮೈ ಸುತ್ತಿ, ಗರಿ ಹೊದಿಸಿ, ಇನ್ನು ತಲೆಗೆ ನಾಲ್ಕು ಸುತ್ತು ಬಾಕಿ ಅನ್ನುವಾಗ. ಸುತ್ತಿದ್ದೆಲ್ಲ ಸರಸರನೆ ಬಿಚ್ಚಿಕೊಂಡು ಎದುರಿಗೆ ಬರೀ ಗಾಳ. ಅದಕ್ಕೇ ಬಾಯಿಗೆ ಪಿಂಗಾಣಿ ಕೂರಿಸಿದ ಬಾಬಿನ್‌ಗೆ ನಾಲ್ಕು ಕಾಸು ಹೆಚ್ಚು ಕೊಟ್ಟರೆ ನಷ್ಟವಿಲ್ಲ. ಕಾಲುಗಳನ್ನು ಕೈಯಲ್ಲೇ ತುಸು ಅಗಲಿಸಿ, ತುಸು ಒತ್ತಿ ಬಿಗಿ ಹೊಂದಿಸಿಕೊಳ್ಳಬೇಕು. ಬಿಟ್ಟರೆ ತನ್ನ ಭಾರಕ್ಕೆ ನೇತಾಡಬೇಕು, ಎಳೆದರೆ ನೂಲು ಬರಬೇಕು. ನೂಲು 70 ಡೆನಿಯರ್ ಸಾಕು, ಅಂದರೆ 9,000 ಮೀಟರಿಗೆ 70 ಗ್ರಾಂ ತೂಗುವ ನೂಲು. ರಾಮನಗರದ ರೇಷ್ಮೆಯವರಿಗೆ ಡೆನಿಯರ್ ಲೆಕ್ಕ ಬಾಯಿಪಾಠ. ನಮ್ಮ ಸಾಫ್ಟ್‌ವೇರಿನವರಿಗೆ ಕಲಿಸುವುದೇ ಕಷ್ಟ.

ಇವು ಮೂರಾದ ಮೇಲೆ ಪಟ್ಟಿ ಮುಗಿಯಿತು ಎಂದೆ. ಷಡ್ಡಕನ ಮುಖ ಬಾಡಿತು. ಬಾಡ್ಕಿನ್ ಬೇಡವೇ? ಅದು ಹಿಡಿ ಹಾಕಿದ ಸೂಜಿ. ದಬ್ಬಣಕ್ಕೆ ಬಾಟಲಿಯ ಬಿರಡೆ ಚುಚ್ಚಿಕೋ. ಹೇರ್ ಸ್ಟ್ಯಾಕರ್? ಜಿಂಕೆ ಕೂದಲಿನ ತುದಿಗಳನ್ನು ಒಂದೇ ಸಮ ಕೂರಿಸುವ ಕೊಳವೆ. ಪೆನ್ನಿನ ಮುಚ್ಚಳಕ್ಕೆ ತುಂಬಿ ಮೇಜಿಗೆ ಕುಟ್ಟಿದರೂ ಕೂರುತ್ತದೆ. ತಲೆಗೆ ಬಳಿಯುವ ಸಿಮೆಂಟು? ಬಣ್ಣವಿಲ್ಲದ ನೇಲ್ ಪಾಲಿಶ್. ಇದನ್ನು ಕೇಳಿ ನಾದಿನಿ ತನ್ನ ಡ್ರೆಸಿಂಗ್ ಟೇಬಲ್ಲಿಗೆ ಬೀಗ ಹಾಕಿದಳೆಂದು ವರದಿ. ವಿಪ್ ಫಿನಿಷರ್ ಮಾತ್ರ ನನ್ನನ್ನು ಕೇಳದೆಯೇ ತರಿಸಿಬಿಟ್ಟಿದ್ದ. ಕೊನೆಯ ಗಂಟು ಹಾಕುವ, ಸೊಟ್ಟಗೆ ಬಾಗಿದ ತಂತಿಯ ಆ ಯಂತ್ರವನ್ನು ಹಿಡಿದು ಒಂದು ಸಂಜೆಯಿಡೀ ವಿಡಿಯೊ ನೋಡಿ, ನಿಲ್ಲಿಸಿ, ಹಿಂದಕ್ಕೋಡಿಸಿ ಒದ್ದಾಡಿದ. ನೂಲು ತಂತಿಗೆ ಗಂಟಾಯಿತು, ಗಾಳಕ್ಕೆ ಆಗಲಿಲ್ಲ.

ಪಕ್ಕದಲ್ಲಿ ಹುರುಳಿಕಾಯಿ ಬಿಡಿಸುತ್ತಿದ್ದ ಅತ್ತೆಯವರು ತಡೆದೂ ತಡೆದೂ, "ಕೊಡೀ ಇಲ್ಲಿ" ಎಂದರು. ಜೀವಮಾನವಿಡೀ ಮಲ್ಲಿಗೆ, ಕನಕಾಂಬರ ಕಟ್ಟಿದ ಕೈ. ಎರಡು ಬೆರಳಿಗೆ ನೂಲು ಸುತ್ತಿ, ಒಮ್ಮೆ ಮುರುಚಿ, ಗಾಳದ ಕಣ್ಣಿನ ಮೇಲಿಂದ ಇಳಿಸಿ ಎಳೆದರು. ಮತ್ತೊಂದು. ಮತ್ತೊಂದು. "ಸಾಕೋ, ಮೊಳ ಬೇಕೋ?" ಷಡ್ಡಕ ವಿಪ್ ಫಿನಿಷರನ್ನು ಡಬ್ಬಿಗೆ ಹಾಕಿ, ರಿಟರ್ನ್ ಮಾಡಲು ಎಷ್ಟು ದಿನ ಗಡುವಿದೆ ಎಂದು ಫೋನಿನಲ್ಲಿ ನೋಡತೊಡಗಿದ. ಅತ್ತೆಯವರಿಗೆ ಮಾತ್ರ ಮೇಜಿನ ಮೇಲೆ ಚರ್ಮಸಹಿತ ಹರಡಿದ್ದ ಹುಂಜದ ಕೊರಳು ಕಂಡಾಗ ಈ ಸಂಸಾರದ ಬಗ್ಗೆ ಇದ್ದಬದ್ದ ಗೌರವವೂ ಹೋಯಿತು.

ಆ ಹುಂಜದ ಕಥೆಯೇ ಬೇರೆ. ನಮ್ಮ ಕೊಲರಾಡೊದ ಡೆಲ್ಟಾದಲ್ಲಿ ವೈಟಿಂಗ್ ಫಾರ್ಮ್ಸ್ ಎಂಬವರು ಮೊಟ್ಟೆಗೂ ಅಲ್ಲದೆ, ಮಾಂಸಕ್ಕೂ ಅಲ್ಲದೆ, ಗರಿಗೆಂದೇ ಹುಂಜಗಳ ತಳಿ ಬೆಳೆಸಿದ್ದಾರೆ. ಸಪೂರ, ಉದ್ದ, ಎಳೆಯಿಂದ ಎಳೆಗೆ ಒಂದೇ ಅಳತೆಯ ಗರಿ. 2011ರಲ್ಲಿ ಏರೋಸ್ಮಿತ್‌ನ ಹಾಡುಗಾರ ಸ್ಟೀವನ್ ಟೈಲರ್ ಟಿವಿಯಲ್ಲಿ ಕೂದಲಿಗೆ ಗರಿ ಸಿಕ್ಕಿಸಿಕೊಂಡು ಕೂತ. ತಗೋ, ಊರೂರಿನ ಬ್ಯೂಟಿ ಪಾರ್ಲರಿನವರು ಮೀನುಗಾರರ ಅಂಗಡಿಗೆ ನುಗ್ಗಿದರು. ಕಪ್ಪುಬಿಳಿ ಪಟ್ಟೆಯ ಗರಿಗಳಿಗೆ ನೂರಾರು ಡಾಲರ್. ಎಷ್ಟೋ ಹಿರಿಯ ಮೀನುಗಾರರು ಮೊಮ್ಮಗಳ ಜಡೆಯನ್ನು ಆಸೆಯಿಂದ ನೋಡಿದ ವರ್ಷ ಅದು.

ನಿಜಕ್ಕೂ ಬೇಕಾದದ್ದು ಕಡಿಮೆಯಾದರೂ, ಗರಿ ಉಣ್ಣೆಗಳ ಹುಚ್ಚು ಸಾಮಾನಿನ ಹುಚ್ಚಿಗಿಂತ ಮಿಗಿಲು. ಇಂಗ್ಲೆಂಡಿನ ಏವನ್ ಹೊಳೆ ಕಾಯುತ್ತಿದ್ದ ಫ್ರಾಂಕ್ ಸಾಯರ್ ಒಂದು ಫೆಸೆಂಟ್ ಹಕ್ಕಿಯ ಬಾಲದ ಎಳೆ, ಒಂದಿಷ್ಟು ತಾಮ್ರದ ತಂತಿ, ಇಷ್ಟರಲ್ಲೇ ಫ್ಲೈ ಕಟ್ಟಿದ, ನೂಲೂ ಇಲ್ಲ. ಇವತ್ತಿಗೂ ಜಗತ್ತಿನ ಟ್ರೌಟ್‌ಗಳು ಅದಕ್ಕೆ ಮರುಳು. ಅದೇ ಮಹಾನುಭಾವ ಇನ್ನೊಂದು ಫ್ಲೈಗೆ ಕಾಲುಚೀಲ ರಿಪೇರಿ ಮಾಡುವ ಚ್ಯಾಡ್ವಿಕ್ಸ್ 477 ಎಂಬ ಉಣ್ಣೆ ಬಳಸಿದ. ಆ ಉಣ್ಣೆ ತಯಾರಾಗುವುದು ನಿಂತದ್ದೇ ತಡ, ಚಿಂದಿ ಉಣ್ಣೆಗೆ ದೊಡ್ಡ ದೊಡ್ಡವರು ಹರಾಜು ಕೂಗತೊಡಗಿದರು. ಬಡವನ ಫ್ಲೈಯನ್ನು ಸಾಹುಕಾರರ ಪಾಲು ಮಾಡುವ ವಿದ್ಯೆ ನಮಗೆ ಸಲೀಸು.

ಷಡ್ಡಕ ಈ ಮೆಟ್ಟಿಲನ್ನೂ ಹತ್ತಲು ನೋಡಿದ. "ಭಾವ, ಡಿಸೆಂಬರಿಗೆ ಊರಿಗೆ ಹೋಗ್ತೀವಲ್ಲ, ಜಂಗಲ್ ಕಾಕ್ ಗರಿ ಅಲ್ಲೇ ಸಿಗುತ್ತಂತೆ." ಸಿಗುತ್ತದೆ, ಹಕ್ಕಿಯ ಮೈಮೇಲೆ. ನಮ್ಮ ಮಲೆನಾಡು, ಕೊಡಗು, ಬಂಡೀಪುರದ ಬೂದು ಕಾಡುಕೋಳಿ ಅದು. ಭಾರತ ಬಿಟ್ಟರೆ ಬೇರೆಲ್ಲೂ ಇಲ್ಲ. ಹುಂಜದ ಕೊರಳ ಗರಿಗಳ ತುದಿಯಲ್ಲಿ ಮೇಣ ತೊಟ್ಟಿಕ್ಕಿದಂಥ ಹೊಳೆಯುವ ಬೊಟ್ಟು. ಜಾಕ್ ಸ್ಕಾಟ್‌ನಂಥ ಹಳೆಯ ಬ್ರಿಟಿಷ್ ಸಾಲ್ಮನ್ ಫ್ಲೈಗಳಿಗೆ ಆ ಗರಿಯನ್ನು ಎರಡೂ ಪಕ್ಕಕ್ಕೆ ಇಡುತ್ತಾರೆ. ದೊರೆಗಳ ಕಾಲದಲ್ಲಿ ನಮ್ಮ ಕಾಡಿನ ಹುಂಜಗಳು ಸ್ಕಾಟ್ಲೆಂಡಿನ ಮೀನಿಗೆ ಸಿಂಗಾರವಾದವು. ಈಗ 1972ರ ವನ್ಯಜೀವಿ ಕಾಯ್ದೆ ಅದಕ್ಕೆ ರಕ್ಷಣೆ ಕೊಟ್ಟಿದೆ. ಬೇಕಾದವರು ಬ್ರಿಟನ್ನಿನಲ್ಲಿ ಸಾಕಿದ ಹಕ್ಕಿಗಳ ಗರಿ ಕೊಳ್ಳುತ್ತಾರೆ. ಗರಿಯಾಸೆಗೆ ಕೊನೆಯಿಲ್ಲವೆಂಬುದಕ್ಕೆ ಲಂಡನ್ನಿನಲ್ಲಿ ಕೊಳಲು ಕಲಿಯುತ್ತಿದ್ದ ಅಮೆರಿಕದ ಹುಡುಗನೇ ಸಾಕ್ಷಿ: 2009ರಲ್ಲಿ ಟ್ರಿಂಗ್ ವಸ್ತುಸಂಗ್ರಹಾಲಯದ ಕಿಟಕಿ ಒಡೆದು 299 ಹಕ್ಕಿಗಳ ಚರ್ಮ ಸೂಟ್‌ಕೇಸಿಗೆ ತುಂಬಿಕೊಂಡು ಹೊರಟ, ಸಾಲ್ಮನ್ ಫ್ಲೈ ಕಟ್ಟುವವರಿಗೆ ಮಾರಲಿಕ್ಕೆ. "ನಿನ್ನ ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಹಪ್ಪಳ ತಾ, ಸಾಕು" ಎಂದೆ.

ಕೊನೆಗೆ ಅವನನ್ನು ದಾರಿಗೆ ತಂದದ್ದು ಒಂದೇ ಪ್ರಶ್ನೆ: ಯಾವ ಫ್ಲೈ ಕಟ್ಟುತ್ತೀಯಪ್ಪಾ? ಅದನ್ನು ಅವನು ಯೋಚಿಸಿಯೇ ಇರಲಿಲ್ಲ. ವುಲಿ ಬಗ್ಗರ್ ಎಂದು ನಾನೇ ಹೇಳಿದೆ. ಪೆನ್ಸಿಲ್ವೇನಿಯದ ರಸೆಲ್ ಬ್ಲೆಸಿಂಗ್ ಎಂಬಾತ 1967ರಲ್ಲಿ ಕಟ್ಟಿದ್ದು. 8ನೇ ನಂಬರಿನ ಉದ್ದ ಕಡ್ಡಿಯ ಗಾಳ, ಬಾಲಕ್ಕೆ ಕಪ್ಪು ಮ್ಯಾರಬೂ ಗರಿ, ಮೈಗೆ ಶೆನೀಲ್ ದಾರ, ಮೇಲೊಂದು ಹುಂಜದ ಗರಿ. ಮ್ಯಾರಬೂ ಹಿಂದೆ ಆ ಹೆಸರಿನ ಕೊಕ್ಕರೆಯದು, ಈಗ ಟರ್ಕಿ ಕೋಳಿಯದು. ನಾಲ್ಕು ಪೊಟ್ಟಣ, ಮೂರು ಸಾಮಾನು. ಒಂದೇ ಎಚ್ಚರ: ಕಣ್ಣಿನ ಹಿಂದೆ ಜಾಗ ಬಿಡು. ಹೊಸಬರೆಲ್ಲ ಮೈಯನ್ನು ಕಣ್ಣಿನವರೆಗೂ ತುರುಕಿ, ತಲೆ ಕಟ್ಟಲು ಜಾಗವಿಲ್ಲದೆ ಕಣ್ಣಿನ ಮೇಲೇ ಗಂಟು ಹಾಕಿ, ಮೇಲೆ ನೇಲ್ ಪಾಲಿಶ್ ಸುರಿದು, ದಾರ ಪೋಣಿಸಲು ತೂತೆಲ್ಲಿ ಎಂದು ಹುಡುಕುತ್ತಾರೆ. ಅವನೂ ಹುಡುಕಿದ. ಈಗ ಒಂದು ಡಬ್ಬಿ ತುಂಬ ಬಗ್ಗರ್ ಕಟ್ಟಿದ್ದಾನೆ. ಕೆಲವಕ್ಕೆ ಬಾಲ ಉದ್ದ, ಕೆಲವಕ್ಕೆ ಹೊಟ್ಟೆ ಬಂದಿದೆ, ಮೀನು ಅದನ್ನೆಲ್ಲ ನೋಡುವುದಿಲ್ಲ.

ನಿನ್ನೆ ಮತ್ತೆ ಫೋನು. "ಭಾವ, ಡೆಕರ್ಸ್ ಹತ್ರ ಸೌತ್ ಪ್ಲಾಟ್ ಹೊಳೇಲಿ ಮೀನುಗಳು 22ನೇ ನಂಬರಿಗೇ ಬರೋದಂತಲ್ಲ. ಅದನ್ನ ಕಟ್ಟೋಕೆ ಭೂತಗನ್ನಡಿ ಇರೋ ಲ್ಯಾಂಪ್ ಬೇಕಂತೆ. ಯಾವುದು ತಗೊಳ್ಳಲಿ?"

"ಮೊದಲು ಹೋಗಿ ಕಣ್ಣು ಪರೀಕ್ಷೆ ಮಾಡಿಸ್ಕೊಳಪ್ಪಾ" ಎಂದೆ. "ಅದಾದ್ರೆ ಇನ್ಶೂರೆನ್ಸ್‌ನಲ್ಲಿ ಬರುತ್ತೆ."