ಹಾಸನಕ್ಕೇ ಒಂದು ಫೋನ್ ಮಾಡಿ

ತಿಂಗಳಿಗೆ 19 ರೂಪಾಯಿ ಉಳಿಯುತ್ತದೆ ಅಂದರೆ ಯಾವ ಯಜಮಾನ ತಾನೇ ಸುಮ್ಮನೆ ಕೂರುತ್ತಾನೆ, ನೀವೇ ಹೇಳಿ. 2019ರಲ್ಲಿ ಟಿವಿ ದರಕ್ಕೆ ಹೊಸ ನಿಯಮ ಬಂತಲ್ಲ, ನೆನಪಿರಬೇಕು. ಮೊದಲ ನೂರು ಚಾನೆಲ್ಲಿಗೆ ಆಗ 130 ರೂಪಾಯಿ, ಜಿಎಸ್‌ಟಿ ಸೇರಿ 153 ರೂಪಾಯಿ 40 ಪೈಸೆ. ಅದರ ಮೇಲೆ ಯಾವ ದುಡ್ಡಿನ ಚಾನೆಲ್ ಬೇಕೋ ಆರಿಸಿಕೊಳ್ಳಿ, ಕಟ್ಟಿ, ನೋಡಿ. ಆಗ ಮನೆಮನೆಯಲ್ಲೂ ಚುನಾವಣೆ ನಡೆಯಿತು. ನಿಮ್ಮ ಮನೆಯಲ್ಲೂ ನಡೆದಿರುತ್ತದೆ, ನೀವೂ ನನ್ನ ಹಾಗೇ ಸೋತಿರುತ್ತೀರಿ. ನಮ್ಮಾಕೆಯ ಧಾರಾವಾಹಿ ಚಾನೆಲ್ಲುಗಳು ಅವಿರೋಧವಾಗಿ ಆಯ್ಕೆಯಾದವು. ಮಗನ ಸಿನಿಮಾ ಚಾನೆಲ್ಲು ಅಜ್ಜಿಯ ಬೆಂಬಲದಿಂದ ಗೆದ್ದಿತು. ನನ್ನ ಕ್ರಿಕೆಟ್ ಚಾನೆಲ್ಲಿಗೆ ಬಿಡಿಯಾಗಿ 19 ರೂಪಾಯಿ, ತೆರಿಗೆ ಬೇರೆ. ಅದು ಠೇವಣಿ ಕಳೆದುಕೊಂಡಿತು. ವಿಶ್ವಕಪ್ ಎದುರಿಗೇ ಇತ್ತು.

ಆಗ ಕಾಂಪೌಂಡಿನ ಆಚೆಯಿಂದ ಮೇಷ್ಟ್ರು ಬಾಯಿ ಹಾಕಿದರು. ಪಕ್ಕದ ಮನೆಯವರು, ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ನಿವೃತ್ತರಾದವರು. "ಅಲ್ರೀ, 19 ರೂಪಾಯಿ ಯಾಕೆ ಕೊಡ್ತೀರಿ? ಭಾರತದ ಒನ್‌ಡೇ ಮ್ಯಾಚು ದೂರದರ್ಶನಕ್ಕೂ ಕೊಡಲೇಬೇಕು ಅಂತ 2007ರಲ್ಲೇ ಕಾಯ್ದೆ ಆಗಿದೆ."

"ಡಿಡಿ ಸ್ಪೋರ್ಟ್ಸು ನಮ್ಮ ಡಿಶ್ಶಲ್ಲೂ ಇದೆ ಮೇಷ್ಟ್ರೇ. ಮ್ಯಾಚಿನ ದಿನ ಅದರಲ್ಲಿ ಕಬಡ್ಡಿ ಬರುತ್ತೆ."

"ಬಂದೇ ಬರುತ್ತೆ. ಆ ಮ್ಯಾಚನ್ನ ಖಾಸಗಿ ಡಿಶ್ಶು, ಕೇಬಲ್ಲಿಗೆ ಕೊಡೋ ಹಾಗಿಲ್ಲ ಅಂತ 2017ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ದೂರದರ್ಶನದ ಸ್ವಂತ ಫ್ರೀ ಡಿಶ್ ಇದೆಯಲ್ಲ, ಅದರಲ್ಲಿ ನೋಡಿ. ತಿಂಗಳ ಬಾಡಿಗೆ ಇಲ್ಲ. 2004ರಿಂದ ನಡೀತಿದೆ, ನೀವು ನೋಡಿದ್ರೆ..."

ಮುಂದಿನದನ್ನು ಅವರು ಹೇಳಲಿಲ್ಲ. ಮೇಷ್ಟ್ರುಗಳು ದಡ್ಡರನ್ನು ನೋಡುವ ನೋಟವೊಂದಿದೆ, ಅದನ್ನು ಬೀರಿ ಒಳಗೆ ಹೋದರು.

ತಟ್ಟೆ, ಪೆಟ್ಟಿಗೆ, ವೈರು, ಕ್ಲಾಂಪು ಎಲ್ಲ ಸೇರಿ ಒಂದೂವರೆ ಸಾವಿರ ಆಯಿತು. ಎಷ್ಟು ವರ್ಷಕ್ಕೆ ಅಸಲು ಹುಟ್ಟುತ್ತದೆ ಎಂದು ನಾನು ಲೆಕ್ಕ ಹಾಕಲಿಲ್ಲ. ನಮ್ಮಾಕೆ ಹಾಕಿದಳು. "ಆರೂವರೆ ವರ್ಷ ರೀ. ಅಷ್ಟರಲ್ಲಿ ಇನ್ನೊಂದು ವಿಶ್ವಕಪ್ಪೂ ಮುಗಿದಿರುತ್ತೆ." ನಾನು ತಕ್ಷಣ ಮಾತೃಭಕ್ತಿಯ ಕಡೆ ಹೊರಳಿದೆ. "ಇದು ನನಗಲ್ಲ ಮಾರಾಯ್ತಿ. ಅಮ್ಮನಿಗೆ ಚಂದನ ಬರಲಿ, ನೆಮ್ಮದಿಯಾಗಿ 'ಥಟ್ ಅಂತ ಹೇಳಿ' ನೋಡಲಿ ಅಂತ."

ಅಮ್ಮ ಬತ್ತಿ ಹೊಸೆಯುತ್ತಿದ್ದಳು. ತಲೆ ಎತ್ತದೆ ಹೇಳಿದಳು: "ಚಂದನ ಈಗಿರೋದ್ರಲ್ಲೇ ಬರುತ್ತಲ್ಲೋ. ದಿನಾ ನೋಡ್ತೀನಿ."

ಹೆತ್ತ ತಾಯಿಯೇ ಸಾಕ್ಷಿ ಹೀಗೆ ಹೇಳಿದರೆ ಕೇಸು ಎಲ್ಲಿ ನಿಲ್ಲುತ್ತದೆ?

ಡಿಶ್ ಕೂರಿಸುವ ಹುಡುಗನನ್ನು ಕರೆದರೆ ಮುನ್ನೂರು ರೂಪಾಯಿ. ಅಷ್ಟು ಕೊಟ್ಟರೆ ಉಳಿತಾಯದ ಅರ್ಥವೇ ಹೋಯಿತಲ್ಲ ಎಂದು ಸ್ಪ್ಯಾನರ್ ಹಿಡಿದು ನಾನೇ ತಾರಸಿ ಹತ್ತಿದೆ. ಹಳೇ ಕಾಲದ ದೂರದರ್ಶನದ ಆಂಟೆನಾ ತಿರುಗಿಸಿ ತಿರುಗಿಸಿ ಬೆಳೆದ ಕೈ ಇದು. ಕಾಗೆ ಕೂತು ತಿರುಗಿಸಿದ್ದನ್ನೂ ಸರಿ ಮಾಡಿದ ಅನುಭವಿ ನಾನು. ಆದರೆ ಆ ಆಂಟೆನಾಕ್ಕೆ ದೊಡ್ಡ ಮನಸ್ಸಿತ್ತು. ಸ್ವಲ್ಪ ಆಚೀಚೆ ಆದರೂ ಚುಕ್ಕೆಗಳ ನಡುವೆ ಮನುಷ್ಯರು ಕಾಣುತ್ತಿದ್ದರು. ಈ ಡಿಶ್ ಹಾಗಲ್ಲ. ಬಂದರೆ ಪೂರ್ತಿ ಬರುತ್ತದೆ, ಇಲ್ಲದಿದ್ದರೆ ಕಪ್ಪು.

ಮೇಷ್ಟ್ರು ತಮ್ಮ ತಾರಸಿಯಿಂದಲೇ ಪಾಠ ಶುರು ಮಾಡಿದರು. ಉಪಗ್ರಹದ ಹೆಸರು ಜಿಸ್ಯಾಟ್-15. 2015ರ ನವೆಂಬರಿನಲ್ಲಿ ಫ್ರೆಂಚ್ ಗಯಾನಾದಿಂದ ಹಾರಿಸಿದ್ದು, ತೂಕ 3,164 ಕಿಲೋ. ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ ನಿಂತಿದೆ. ನಮ್ಮ ಶಿವಮೊಗ್ಗದಿಂದ ನೋಡಿದರೆ ಆಗ್ನೇಯ ದಿಕ್ಕು, ನೆಲದಿಂದ 63 ಡಿಗ್ರಿ ಮೇಲೆ. "ತಟ್ಟೆಯ ಮುಖ ನೋಡಿ ಮೋಸ ಹೋಗ್ಬೇಡಿ. ಇದು ಆಫ್‌ಸೆಟ್ ತಟ್ಟೆ. ತನ್ನ ಮೂಗಿನ ನೇರಕ್ಕಿಂತ ಮೇಲಕ್ಕೆ ನೋಡುತ್ತೆ."

"ಆಗ್ನೇಯದಲ್ಲಿ ಅಡುಗೆಮನೆ ಇರ್ಬೇಕು ಕಣೋ, ಡಿಶ್ಶಲ್ಲ" ಎಂದು ಕೆಳಗಿನಿಂದ ಅಮ್ಮ.

ಆಗ್ನೇಯ ಯಾವ ಕಡೆ ಎಂದು ತಿಳಿಯಲು ಮೊಬೈಲಿನ ದಿಕ್ಸೂಚಿ ತೆರೆದೆ. ನೀರಿನ ಟ್ಯಾಂಕಿನ ಕಬ್ಬಿಣದ ಸ್ಟ್ಯಾಂಡಿನ ಪಕ್ಕ ನಿಂತರೆ ಅದು ಒಂದು ದಿಕ್ಕು ತೋರಿಸಿತು, ಎರಡು ಹೆಜ್ಜೆ ಈಚೆ ಬಂದರೆ ಇನ್ನೊಂದು. ಒಳ್ಳೆಯ ಮೂಲೆಯಲ್ಲಿ ಹಳೇ ಡಿಶ್ ಮೊದಲೇ ಸೀಟು ಹಿಡಿದಿತ್ತು. ಹೊಸದನ್ನು ಅದರ ಪಕ್ಕಕ್ಕೇ ಒತ್ತರಿಸಿ ಕೂರಿಸಿದೆ.

ಮೊಬೈಲು ದಿಕ್ಸೂಚಿಯ ಕೆಲಸದಲ್ಲಿದ್ದುದರಿಂದ ಸುದ್ದಿ ಬಾಯಿಂದ ಬಾಯಿಗೆ ಬರಬೇಕಿತ್ತು. ಟಿವಿ ಎದುರು ನಮ್ಮಾಕೆ, ನಡುಮನೆಯಲ್ಲಿ ಅಮ್ಮ, ಮೆಟ್ಟಿಲ ಮೇಲೆ ಮಗ, ತಾರಸಿಯಲ್ಲಿ ನಾನು. ನಾನು "ಬಂತಾ?" ಅಂದರೆ ಮೂರು ಬಾಯಿ ದಾಟಿ ಪ್ರಶ್ನೆ ಕೆಳಗಿಳಿಯಬೇಕು, ಉತ್ತರ ಮೂರು ಬಾಯಿ ದಾಟಿ ಮೇಲೆ ಹತ್ತಬೇಕು. ಅಷ್ಟರಲ್ಲಿ ನನ್ನ ಕೈ ಎರಡು ಬೆರಳು ಸರಿದಿರುತ್ತಿತ್ತು. ಜೂನ್ 5ರಂದು ಭಾರತದ ಮೊದಲ ಮ್ಯಾಚು. ರೋಹಿತ್ ಶರ್ಮಾ ಔಟಾಗದೆ 122 ಹೊಡೆದದ್ದು ನನಗೆ ತಿಳಿದದ್ದು ಹಿಂದಿನ ಬೀದಿಯ ಪಟಾಕಿಯಿಂದ. ಪಟಾಕಿ ಹೊಡೆದವರೆಲ್ಲ 19 ರೂಪಾಯಿ ಕಟ್ಟಿದವರು.

ಕಡೆಗೊಂದು ಸಂಜೆ ಕೆಳಗಿನಿಂದ "ಬಂತು! ಬಂತು!" ಎಂಬ ಕೂಗು ಎದ್ದಿತು. ಮಗ ಮೆಟ್ಟಿಲ ಮೇಲೆ ಕುಣಿದ. ನಾನು ಉಸಿರು ಬಿಗಿಹಿಡಿದು ಇದ್ದಬದ್ದ ಬೋಲ್ಟುಗಳನ್ನೆಲ್ಲ ಭೀಮಬಲದಿಂದ ಬಿಗಿದೆ. ಜಯಶಾಲಿಯಾಗಿ ಕೆಳಗಿಳಿದು ಬಂದರೆ ಟಿವಿ ಕಪ್ಪಗೇ ಇದೆ, ಎದುರಿಗೆ ಒಬ್ಬರೂ ಇಲ್ಲ. ಹಿತ್ತಲಲ್ಲಿ ಕೊಡಗಳ ಸದ್ದು. ಬಂದದ್ದು ನಲ್ಲಿ ನೀರು.

"ಎರಡು ದಿನದ ಮೇಲೆ ನೀರು ಬಿಟ್ಟಿದಾರೆ, ಕೂಗ್ದೆ ಇರೋಕಾಗುತ್ತಾ? ನೀವೂ ಒಂದು ಕೊಡ ಹಿಡೀರಿ" ಅಂದಳು ನಮ್ಮಾಕೆ. ಹಿಡಿದೆ.

ಪೆಟ್ಟಿಗೆಯ ಮೆನುವಿನಲ್ಲಿ ಎರಡು ಪಟ್ಟಿಗಳಿರುತ್ತವೆ, ನೋಡಿರುತ್ತೀರಿ. ಒಂದು ಸ್ಟ್ರೆಂತ್, ಇನ್ನೊಂದು ಕ್ವಾಲಿಟಿ. ನಮ್ಮದರಲ್ಲಿ ಸ್ಟ್ರೆಂತ್ 85 ತೋರಿಸುತ್ತಿತ್ತು. ನಾನು ಊರಿಗೆಲ್ಲ ಹೇಳಿಕೊಂಡು ಬಂದೆ. ಆಮೇಲೆ ಮೇಷ್ಟ್ರು ಬಿಡಿಸಿ ಹೇಳಿದರು: ವೈರು ಸರಿಯಾಗಿ ಸಿಕ್ಕಿಸಿದ್ದರೆ ಸಾಕು, ತಟ್ಟೆಯನ್ನು ಗೋಡೆಗೆ ತಿರುಗಿಸಿದರೂ ಸ್ಟ್ರೆಂತ್ ಏರುತ್ತದಂತೆ. ಉಪಗ್ರಹ ನಿಜವಾಗಿ ಸಿಕ್ಕಿದೆಯೋ ಇಲ್ಲವೋ ಎಂದು ಹೇಳುವುದು ಕ್ವಾಲಿಟಿ. ನಮ್ಮದರಲ್ಲಿ ಅದು ಸೊನ್ನೆ.

"ಸ್ಟ್ರೆಂತ್ 85, ಕ್ವಾಲಿಟಿ ಸೊನ್ನೆ" ಎಂದು ನಮ್ಮಾಕೆ ನಿಧಾನವಾಗಿ ಓದಿದಳು. ಓದುವಾಗ ಟಿವಿ ನೋಡದೆ ನನ್ನನ್ನು ನೋಡುತ್ತಿದ್ದಳು.

ಮಾತು ತಿರುಗಿಸಲೆಂದು ನಾನು ವಿಜ್ಞಾನಕ್ಕೆ ಇಳಿದೆ. "ನೋಡು, ಅಷ್ಟು ಎತ್ತರದ ಆ ಮೂರು ಸಾವಿರ ಕಿಲೋದ ವಸ್ತುವನ್ನ ಆಚೀಚೆ ಅಲ್ಲಾಡದ ಹಾಗೆ ನೋಡಿಕೊಳ್ಳೋರು ಯಾರು ಗೊತ್ತಾ? ನಮ್ಮ ಹಾಸನದಲ್ಲಿರೋ ಇಸ್ರೋದ ನಿಯಂತ್ರಣ ಕೇಂದ್ರದವರು. ಇಲ್ಲೇ ಪಕ್ಕದ ಹಾಸನ!"

"ಹೌದಾ? ಹಾಗಾದ್ರೆ ಹಾಸನಕ್ಕೇ ಒಂದು ಫೋನ್ ಮಾಡಿ. ಉಪಗ್ರಹಾನೇ ಒಂಚೂರು ನಮ್ಮ ಡಿಶ್ ಕಡೆ ತಿರುಗಿಸಿ ಅನ್ನಿ. ನಿಮ್ಮ ಕೈಲಿ ಇದು ತಿರುಗೋದಕ್ಕಿಂತ ಅದೇ ಬೇಗ ಆಗುತ್ತೆ."

ರೋಷ ಬಂದು ಮತ್ತೆ ಹತ್ತಿದೆ. ಜೂನ್ ತಿಂಗಳ ತಾರಸಿ, ಪಾಚಿ ಹಿಡಿಯಲು ಶುರುವಾಗಿತ್ತು. ಕಾಲು ಜಾರಿತು. ಆಸರೆಗೆಂದು ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡೆ. ಸಿಕ್ಕಿದ್ದು ಹಳೇ ಡಿಶ್. ಅದು ನನ್ನನ್ನು ಬೀಳದಂತೆ ಕಾಪಾಡಿತು, ತಾನು ಮಾತ್ರ ಮುಖ ತಿರುಗಿಸಿಕೊಂಡಿತು. ಕೆಳಗೆ ಆ ಕ್ಷಣಕ್ಕೆ ಸರಿಯಾಗಿ ಧಾರಾವಾಹಿಯಲ್ಲಿ ಸೊಸೆ ಎರಡು ತಿಂಗಳಿಂದ ಬಚ್ಚಿಟ್ಟಿದ್ದ ಕಾಗದವನ್ನು ಅತ್ತೆ ಒಡೆಯುತ್ತಿದ್ದಳಂತೆ. ಈ ಸಲದ ಕೂಗು ಮೂರು ಬಾಯಿ ದಾಟಿ ಬರಲಿಲ್ಲ, ನೇರವಾಗಿ ಬಂತು.

ಮರುದಿನ ಡಿಶ್ ಹುಡುಗ ಬಂದ. ತಾರಸಿಯಲ್ಲಿ ನಿಂತು ನನ್ನ ಕಾಮಗಾರಿಯನ್ನು ಬಹಳ ಹೊತ್ತು ನೋಡಿದ. ವೈರಿನ ತುದಿಯ ಕನೆಕ್ಟರ್ ಬಿಚ್ಚಿದ. ಹೊರಗಿನ ಜಾಲರಿಯ ಒಂದು ಎಳೆ ನಡುವಿನ ತಾಮ್ರದ ತಂತಿಗೆ ಇನ್ನೇನು ತಗುಲುವುದರಲ್ಲಿತ್ತು.

"ಸಾರ್, ಇದನ್ನ ಯಾರು ಫಿಟ್ ಮಾಡಿದ್ದು?"

"ಯಾರೋ ಒಬ್ಬ ಬಂದಿದ್ದ" ಅಂದೆ.

"ಅವನನ್ನ ಇನ್ನು ಮನೆಯೊಳಗೆ ಸೇರಿಸ್ಬೇಡಿ ಸಾರ್."

ಮೆಟ್ಟಿಲ ತಿರುವಿನಿಂದ ನಮ್ಮಾಕೆಯ ದನಿ ಬಂತು: "ಅದು ಆಗೋದಿಲ್ಲ ಕಣಪ್ಪ. ಮದುವೆ ಆಗ್ಬಿಟ್ಟಿದೆ."

ಹುಡುಗ ಜೇಬಿನಿಂದ ಒಂದು ಪುಟ್ಟ ಮೀಟರ್ ತೆಗೆದ, ತಟ್ಟೆಯ ಮುಂದಿನ ಎಲ್‌ಎನ್‌ಬಿಯನ್ನು ಕತ್ತು ಹಿಡಿದು ಸ್ವಲ್ಪ ಹೊರಳಿಸಿದ, ತಟ್ಟೆಗೆ ಅಂಗೈಯಿಂದ ಒಂದು ಏಟು ಕೊಟ್ಟ. ಕ್ವಾಲಿಟಿ 70. ನಾನು ವಾರಗಟ್ಟಲೆ ಬೇಡಿಕೊಂಡರೂ ಒಲಿಯದ ಜಿಸ್ಯಾಟ್-15 ಒಂದು ಏಟಿಗೆ ಒಲಿಯಿತು. ಹಳೇ ಡಿಶ್ಶನ್ನೂ ಸರಿ ಮಾಡಿದ. ಡಿಶ್ಶಿಗೆ ಮುನ್ನೂರರಂತೆ ಆರುನೂರು.

ಮುಗಿಯಿತು ಅಂದುಕೊಂಡಿರಾ? ಎರಡು ಡಿಶ್ ಅಂದರೆ ಎರಡು ಪೆಟ್ಟಿಗೆ. ಒಂದರದ್ದು ಎಚ್‌ಡಿಎಂಐ ವೈರು, ಇನ್ನೊಂದರದ್ದು ಕೆಂಪು, ಬಿಳಿ, ಹಳದಿ ಪಿನ್ನು. ಟಿವಿಯದ್ದೂ ಸೇರಿ ಮೂರು ರಿಮೋಟು. ಅಮ್ಮನಿಗೆ ಚಂದನ ನೋಡಬೇಕಾದರೆ ಈಗ ಸೋರ್ಸ್ ಬದಲಿಸಬೇಕಿತ್ತು. "ಮೊದಲು ಒಂದು ಗುಂಡಿ ಒತ್ತಿದ್ರೆ ಬರ್ತಿತ್ತು" ಎಂದು ಅವಳು ಹೋದವರು ಬಂದವರಿಗೆಲ್ಲ ಹೇಳತೊಡಗಿದಳು, "ಈಗ ನನ್ನ ಮಗ ನನಗೋಸ್ಕರ ಅನುಕೂಲ ಮಾಡಿಕೊಟ್ಟಿದಾನೆ."

ಜೂನ್ 13, ನ್ಯೂಜಿಲೆಂಡ್ ಮೇಲೆ ಪಂದ್ಯ, ನಾಟಿಂಗ್‌ಹ್ಯಾಮ್. ಮೇಷ್ಟ್ರನ್ನು ಕರೆದೆ, ಚುರುಮುರಿ ಮಾಡಿಸಿದೆ. ಚಿತ್ರ ಕನ್ನಡಿಯಷ್ಟು ಸ್ಪಷ್ಟ. ಮೈದಾನಕ್ಕೆ ಹೊದೆಸಿದ ಟಾರ್ಪಾಲಿನ ಮೇಲೆ ಬೀಳುವ ಒಂದೊಂದು ಹನಿಯೂ ಕಾಣುತ್ತಿತ್ತು. ಸಂಜೆಯವರೆಗೆ ಟಾರ್ಪಾಲು ನೋಡಿದೆವು. ಒಂದು ಚೆಂಡೂ ಬೀಳದೆ ಪಂದ್ಯ ರದ್ದಾಯಿತು. ಜೂನ್ 16ರ ಭಾನುವಾರ ಪಾಕಿಸ್ತಾನದ ಮೇಲೆ. ಅವತ್ತು ತೀರ್ಥಹಳ್ಳಿಯಲ್ಲಿ ನಮ್ಮಾಕೆಯ ಚಿಕ್ಕಪ್ಪನ ಮನೆ ಗೃಹಪ್ರವೇಶ. ಆಷಾಢ ಬರುವುದರೊಳಗೆ ಮುಗಿಸಬೇಕಿತ್ತಂತೆ. ನಾನು ಸಾಲಿನಲ್ಲಿ ಪಾಯಸ ಬಡಿಸಿದೆ. ಹೊಸ ಮನೆಗೆ ಟಿವಿ ಇನ್ನೂ ಬಂದಿರಲಿಲ್ಲ.

ಸೆಮಿಫೈನಲ್ಲಿಗೆ ಮತ್ತೆ ಅದೇ ನ್ಯೂಜಿಲೆಂಡು. ಜುಲೈ 9ರಂದು ಮ್ಯಾಂಚೆಸ್ಟರಿನಲ್ಲಿ ಅವರು 5 ವಿಕೆಟ್ಟಿಗೆ 211 ಮಾಡಿದ್ದಾಗ ಅಲ್ಲಿ ಮಳೆ ಬಂತು, ಉಳಿದ ಆಟ ನಾಳೆಗೆ ಅಂದರು. ನಾಳೆ ಅಲ್ಲಿ ಮಳೆ ನಿಂತಿತು. ಇಲ್ಲಿ ಹಿಡಿಯಿತು. ಮಲೆನಾಡಿನ ಜುಲೈ ಮಳೆಯ ಬಗ್ಗೆ ನಿಮಗೆ ಹೇಳಬೇಕಾಗಿಲ್ಲ. ಈ ಡಿಶ್ಶಿಗೆ ಬರುವ ಕೆಯು ಬ್ಯಾಂಡಿನ ಅಲೆಗಳನ್ನು ದೊಡ್ಡ ಮಳೆಯ ಹನಿಗಳು ನಡುವೆಯೇ ನುಂಗಿಬಿಡುತ್ತವೆ. ಹಳೇ ಡಿಶ್ಶಿನದೂ ಅದೇ ಬ್ಯಾಂಡು, ಅದೇ ಹಣೆಬರಹ. ಆ ಸೋರ್ಸಿಗೆ ಹೋದರೆ ಸಿಗ್ನಲ್ ಇಲ್ಲ, ಈ ಸೋರ್ಸಿಗೆ ಬಂದರೂ ಸಿಗ್ನಲ್ ಇಲ್ಲ.

"ಮೊದಲು ಮಳೆ ಬಂದ್ರೆ ಒಂದರಲ್ಲಿ ಬರ್ತಿರಲಿಲ್ಲ" ಅಂದಳು ನಮ್ಮಾಕೆ. "ಈಗ ಎರಡರಲ್ಲಿ ಬರೋದಿಲ್ಲ."

ಮಗ ಮೊಬೈಲು ಹಿಡಿದು ಮೂಲೆಯಿಂದ ಓದಿದ: "ಅಪ್ಪಾ, ರೋಹಿತ್ 1. ಕೊಹ್ಲಿ 1. ರಾಹುಲ್ 1."

"ನಿನ್ನ ಮೊಬೈಲು ಕೆಟ್ಟಿದೆ, ಆಫ್ ಮಾಡಿ ಆನ್ ಮಾಡು" ಅಂದೆ. ಮಾಡಿದ. 5 ರನ್ನಿಗೆ 3 ವಿಕೆಟ್ ಎಂದೇ ತೋರಿಸಿತು.

ಸಂಜೆ ಏಳರ ಸುಮಾರಿಗೆ ಮಳೆ ಸಡಿಲವಾಗಿ ಚಿತ್ರ ಬಂತು. ಜಡೇಜಾ 77 ಹೊಡೆದು ಔಟಾಗಿದ್ದ, ಧೋನಿ ಇನ್ನೂ ಇದ್ದ. ಅದು ಧಾರಾವಾಹಿಯ ಹೊತ್ತು. ನಮ್ಮಾಕೆ ರಿಮೋಟು ಎತ್ತಿಕೊಂಡವಳು ನನ್ನ ಮುಖ ನೋಡಿ ಕೆಳಗಿಟ್ಟಳು. "ಹೋಗ್ಲಿ, ನೋಡ್ಕೊಳ್ಳಿ. ಎಷ್ಟು ಕಷ್ಟಪಟ್ಟಿದೀರಿ." ಆ ಔದಾರ್ಯಕ್ಕೆ ನಾನು ಕಣ್ಣೊರೆಸಿಕೊಳ್ಳುತ್ತಿದ್ದಾಗಲೇ ಗಪ್ಟಿಲ್ ದೂರದಿಂದ ಎಸೆದ ಚೆಂಡು ನೇರ ವಿಕೆಟ್ಟಿಗೆ ಬಡಿಯಿತು. ನಿಧಾನಗತಿಯಲ್ಲಿ ಮತ್ತೆ ಮತ್ತೆ ತೋರಿಸಿದರು. ಧೋನಿಯ ಬ್ಯಾಟಿಗೂ ಗೆರೆಗೂ ಒಂದೆರಡು ಬೆರಳಿನ ಅಂತರ.

"ಪಾಪ" ಅಂದಳು ಅಮ್ಮ, "ಒಂಚೂರಲ್ಲಿ ತಪ್ಪಿತು. ನಿನ್ನ ಡಿಶ್ಶಿನ ಹಾಗೇ."

ಹದಿನೆಂಟು ರನ್ನಿನಿಂದ ಸೋತೆವು. ಪುಕ್ಕಟೆಯಾಗಿ ನೋಡಿದ ಸೋಲು, ಅದೊಂದು ಸಮಾಧಾನ.

ಮರುದಿನ ಬೆಳಿಗ್ಗೆ ಮೇಷ್ಟ್ರು ಕಾಂಪೌಂಡಿನ ಮೇಲೆ ಮುಖ ಇಟ್ಟರು. "ಅಲ್ರೀ, ನಮ್ಮನೆಗೂ ಒಂದು ಫ್ರೀ ಡಿಶ್ ತರಿಸಿದೀನಿ. ಆ ಹುಡುಗನಿಗೆ ಯಾಕೆ ಮುನ್ನೂರು ಸುರೀಬೇಕು? ಹೇಗೂ ನಿಮಗೆ ಅನುಭವ ಇದೆ."

ಅನುಭವ ಇದೆ! ಈ ಊರಿನಲ್ಲಿ ನನ್ನ ಬೆಲೆ ತಿಳಿದವರು ಒಬ್ಬರಾದರೂ ಇದ್ದಾರಲ್ಲ. ಹಳೇ ಅಂಗಿ ತೊಟ್ಟು, ಸ್ಪ್ಯಾನರ್ ಜೇಬಿಗಿಳಿಸಿ, ಚಪ್ಪಲಿ ಮೆಟ್ಟಿಕೊಂಡು ಗೇಟಿನವರೆಗೆ ಬಂದಿದ್ದೆ. ಹಿಂದಿನಿಂದ ನಮ್ಮಾಕೆ ಕೂಗಿದಳು:

"ರೀ, ಇವತ್ತು ನೀರು ಬಿಡೋ ದಿನ. ಮೇಷ್ಟ್ರಿಗೂ ಹೇಳಿರಿ."